ಒಂದು ಶಾಟ್ ಮುಂದೆ ಕೂತು ಡೆಲ್ಯೂಜ್‌ನ ಕಲಿಯೋದು ಹೇಗೆ

ನಾನು ಸೀರಿಯಲ್ ಎಡಿಟರ್. ಕ್ಲೋಸಪ್ ಕತ್ತರಿಸುವುದೇ ಹೊಟ್ಟೆಪಾಡು. ಫ್ರೆಂಚ್ ತತ್ವಜ್ಞಾನಿ ಜೀಲ್ ಡೆಲ್ಯೂಜ್ ಸಿನಿಮಾ ಬಗ್ಗೆ ಎರಡು ಪುಸ್ತಕ ಬರೆದ. 1983ರದ್ದು ಚಲನೆಯ ಬಿಂಬದ ಬಗ್ಗೆ, 1985ರದ್ದು ಕಾಲದ ಬಿಂಬದ ಬಗ್ಗೆ. ಎರಡೂ ಕಬ್ಬಿಣದ ಕಡಲೆ. ಆದರೆ ಅದರ ತಿರುಳನ್ನು ಲ್ಯಾಪ್‌ಟಾಪ್, ಪೆನ್ನು ಇಟ್ಟುಕೊಂಡು ಹಿಡಿಯಬಹುದು. ನನ್ನ ಅಸಿಸ್ಟೆಂಟ್‌ಗಳಿಗೆ ನಾನು ಹೇಳಿಕೊಡುವುದು ಹೀಗೆ.

ಮೊದಲು ಯಾವುದಾದರೂ ಫೈಟ್ ಸೀನ್ ತಗೊಳ್ಳಿ. ಸೌಂಡ್ ಆಫ್ ಮಾಡಿ. ಪ್ರತಿ ಶಾಟ್‌ಗೂ ಒಂದೇ ಪದ ಬರೆಯಿರಿ: ನೋಟ, ಭಾವ, ಇಲ್ಲವೇ ಕ್ರಿಯೆ. ಹೀರೋ ರೌಡಿಗಳನ್ನು ಕಂಡ, ನೋಟ. ಮುಖ ಬಿಗಿಯಿತು, ಭಾವ. ಕೈ ಎತ್ತಿದ, ಕ್ರಿಯೆ. ಈ ವಿಂಗಡಣೆಯ ಬೇರು ಇನ್ನೊಬ್ಬ ಫ್ರೆಂಚ್ ತತ್ವಜ್ಞಾನಿ ಬರ್ಗ್‌ಸನ್ 1896ರಲ್ಲಿ ಬರೆದ ಪುಸ್ತಕದಲ್ಲಿದೆ. ನಾವು ಕಾಣುವುದಕ್ಕೂ ಮಾಡುವುದಕ್ಕೂ ನಡುವೆ ಒಂದು ಸಣ್ಣ ತಡೆ ಇರುತ್ತೆ, ಭಾವ ಹುಟ್ಟುವುದು ಅಲ್ಲೇ. ಮುಖ ಓಡಲಾರದು, ಹೊಡೆಯಲಾರದು, ಅದಕ್ಕೇ ನಡುಗುತ್ತೆ. ನಮ್ಮ ಸೀರಿಯಲ್‌ನ ಅತ್ತೆಯ ಮುಖಕ್ಕೆ ಮೂರು ಸಲ ಝೂಮ್ ಹಾಕುವುದೂ ಇದೇ ಕಾರಣಕ್ಕೆ. ನಗಬೇಡಿ. ಆಮೇಲೆ ಸೊಸೆ ತಟ್ಟೆ ಬೀಳಿಸುತ್ತಾಳೆ, ನೋಟ, ಭಾವ, ಕ್ರಿಯೆಯ ಸರಪಳಿ ಪೂರ್ತಿಯಾಗುತ್ತೆ. ಚಲನೆಯ ಬಿಂಬ ಅಂದರೆ ಇದೇ.

ಈಗ ಇಟಲಿಯ ನಿರ್ದೇಶಕ ಡಿ ಸಿಕಾನ ‘ಉಂಬರ್ತೋ ಡಿ’ (1952) ಹಾಕಿ. ಮನೆಗೆಲಸದ ಹುಡುಗಿ ಬೆಳಿಗ್ಗೆ ಎದ್ದು ಅಡುಗೆಮನೆಗೆ ಬರುವ ಸೀನ್. ಗೋಡೆಗೆ ಕಡ್ಡಿ ಗೀರುತ್ತಾಳೆ. ಕಿಟಕಿಯಾಚೆ ನೋಡುತ್ತಾಳೆ. ಇರುವೆಗಳ ಮೇಲೆ ನೀರು ಬಿಡುತ್ತಾಳೆ. ಕಣ್ಣು ತನ್ನ ಹೊಟ್ಟೆಯ ಮೇಲೆ ಹೋಗುತ್ತೆ, ಬಸುರಿ ಅವಳು. ಕೂತು ಕಾಫಿ ಬೀಜ ಪುಡಿ ಮಾಡುತ್ತಲೇ ಕಾಲು ಚಾಚಿ ಬೆರಳ ತುದಿಯಲ್ಲಿ ಬಾಗಿಲು ತಳ್ಳುತ್ತಾಳೆ. ಇಲ್ಲಿ ಪೆನ್ನು ನಿಲ್ಲುತ್ತೆ. ಕಡ್ಡಿ ಗೀರಿದ್ದು ಕ್ರಿಯೆ, ಸರಿ. ಹೊಟ್ಟೆ ನೋಡಿದ್ದು? ನೋಟವೇ. ಆದರೆ ಅದಕ್ಕೆ ಅವಳು ಏನು ಮಾಡಬಲ್ಲಳು? ಏನೂ ಇಲ್ಲ. ನೋಟ ಕ್ರಿಯೆಗೆ ದಾಟದೆ ಅಲ್ಲೇ ನಿಂತುಬಿಡುತ್ತೆ, ನಿಮಗೆ ಹೊತ್ತು ಹೋಗುವುದೇ ಕಾಣತೊಡಗುತ್ತೆ. ಕಾಲದ ಬಿಂಬ ಅಂದರೆ ಇದು. ಎರಡನೇ ಮಹಾಯುದ್ಧದ ನಂತರದ ಇಟಲಿಯಲ್ಲಿ ಇಂಥ ಬಿಂಬ ಜಾಸ್ತಿಯಾದವು ಅನ್ನುತ್ತಾನೆ ಡೆಲ್ಯೂಜ್. ಊರು ಹಾಳಾಗಿತ್ತು, ಎದುರಿಗೆ ಬಂದದ್ದಕ್ಕೆ ಏನು ಮಾಡಬೇಕೆಂದು ಜನಕ್ಕೆ ತೋಚುತ್ತಿರಲಿಲ್ಲ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಜಪಾನಿನ ನಿರ್ದೇಶಕ ಓಝುನ ‘ಲೇಟ್ ಸ್ಪ್ರಿಂಗ್’ (1949). ಕ್ಯೋಟೋದ ವಸತಿಗೃಹದಲ್ಲಿ ರಾತ್ರಿ ಅಪ್ಪ, ಮದುವೆಯಾಗಿ ಹೋಗಲಿರುವ ಮಗಳು ಮಲಗಿದ್ದಾರೆ. ಅಪ್ಪನ ಗೊರಕೆ. ಮಗಳ ಮುಖದಲ್ಲಿ ಸಣ್ಣ ನಗು. ಕಟ್. ಕತ್ತಲಲ್ಲಿ ಒಂದು ಹೂದಾನಿ. ಕಟ್. ಮಗಳ ಕಣ್ಣು ತುಂಬಿಬಂದಿವೆ. ಎಲ್ಲ ಬದಲಾಗುತ್ತೆ, ಹೂದಾನಿ ಹಾಗೇ ಇರುತ್ತೆ. ಬದಲಾವಣೆಗೆ ಜಾಗ ಕೊಡುವ, ತಾನು ಬದಲಾಗದ ಆ ರೂಪವೇ ಕಾಲ ಎಂಬುದು ಡೆಲ್ಯೂಜ್‌ನ ವಾದ. ಒಪ್ಪದವರೂ ಇದ್ದಾರೆ. ನೀವೇ ನೋಡಿ. ಮೊಬೈಲ್‌ನ ಎಡಿಟಿಂಗ್ ಆ್ಯಪ್‌ಗೆ ಸೀನ್ ಹಾಕಿ, ಹೂದಾನಿ ತೆಗೆದು ನಗುವನ್ನು ಅಳುವಿಗೆ ನೇರ ಅಂಟಿಸಿ. ತಕ್ಷಣ ಗೊರಕೆಯೇ ಅಳುವಿನ ಕಾರಣ ಅನ್ನಿಸುತ್ತೆ. ಗೊರಕೆ ಕೇಳಿದಳು, ಅಪ್ಪ ಒಂಟಿಯಾಗ್ತಾನೆ ಅಂತ ಅತ್ತಳು. ಪಕ್ಕಾ ಸೀರಿಯಲ್! ಹೂದಾನಿ ವಾಪಸ್ ಇಟ್ಟರೆ ಆ ಸುಲಭದ ಕಾರಣ ಕೈಗೆ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಶಾಟ್ ಉದ್ದ ಇದ್ದ ಮಾತ್ರಕ್ಕೆ ಕಾಲದ ಬಿಂಬ ಆಗಲ್ಲ. ನೀರು ಕುಡಿಯೋಕೆ ಎದ್ದವನು ಮೂರು ನಿಮಿಷ ನಡೆದು ನೀರು ಕುಡಿದರೆ ಅದು ಉದ್ದದ ಕ್ರಿಯೆ ಅಷ್ಟೇ. ಸುಮ್ನೆ ಲ್ಯಾಗ್. ಅವಾರ್ಡ್ ಸಿನಿಮಾಗಳಲ್ಲೂ ಇಂಥದ್ದು ಬೇಕಾದಷ್ಟಿದೆ. ಹಾಗೇ ಚಲನೆಯ ಬಿಂಬ ಅಂದರೆ ಕೀಳು ಅಂತಲೂ ಅಲ್ಲ. ಹಾಲಿವುಡ್ ನಿರ್ದೇಶಕರಾದ ಜಾನ್ ಫೋರ್ಡ್, ಹಿಚ್‌ಕಾಕ್ ಇಬ್ಬರ ಬಗ್ಗೆಯೂ ಡೆಲ್ಯೂಜ್ ಮೊದಲ ಪುಸ್ತಕದಲ್ಲೇ ಬರೆಯುತ್ತಾನೆ.

ಇಷ್ಟಾದ ಮೇಲೆ ಪುಸ್ತಕ ತೆರೆಯಿರಿ, ಆದರೆ ಎರಡನೆಯದರ ಮೊದಲ ಅಧ್ಯಾಯದಿಂದ. ಅಡುಗೆಮನೆ, ಹೂದಾನಿ ಎರಡೂ ಅದರಲ್ಲೇ ಇವೆ.