ಹೆರಿಗೆಗೆ ತಯಾರಿ ಹೇಗೆ? ಜೊತೆಗಿರುವವರೂ ಕಲಿತಿರಲಿ

ಹೆರಿಗೆಯಾದ ಮೊದಲ ವಾರ ತಾಯಿಗೆ ಮೈಯೆಲ್ಲ ನೋವು. ಹೊಲಿಗೆ ಹಾಕಿದ್ದರೆ ಅದು ಎಳೆಯುತ್ತಿರುತ್ತದೆ, ಎದೆ ಭಾರವಾಗಿರುತ್ತದೆ, ಒಂದೇ ಸಮನೆ ಎರಡು ಗಂಟೆ ನಿದ್ದೆ ಸಿಕ್ಕರೆ ಅದೇ ಜಾಸ್ತಿ. ಅಂಥ ಹೊತ್ತಿನಲ್ಲಿ ಮಗು ಎಷ್ಟು ಸಲ ಹಾಲು ಕುಡಿಯಿತು, ಎಷ್ಟು ಸಲ ಮೂತ್ರ ಮಾಡಿತು, ಮೈ ಹಳದಿಯಾಗುತ್ತಿದೆಯಾ ಎಂದು ಅವಳೊಬ್ಬಳೇ ನಿಗಾ ಇಡಬೇಕು ಅನ್ನುವುದು ಅನ್ಯಾಯ ಅಲ್ವಾ? ಹಾಗಾಗಿ ಈ ಲೇಖನ ಗರ್ಭಿಣಿಗೆ ಎಷ್ಟೋ ಅವಳ ಪಕ್ಕದಲ್ಲಿ ಇರುವವರಿಗೂ ಅಷ್ಟೇ. ಗಂಡ, ಅಮ್ಮ, ಅತ್ತೆ, ಅಕ್ಕ, ಗೆಳತಿ, ಯಾರಾದರೂ ಸರಿ. ಆ ಒಬ್ಬರು ಯಾರು ಎಂದು ಏಳನೇ ತಿಂಗಳಲ್ಲೇ ತೀರ್ಮಾನ ಮಾಡಿ. ತಪಾಸಣೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.

ಕೊನೆಯ ವಾರಗಳಲ್ಲಿ

ವೈದ್ಯರು ಕೊಡುವ ತಾರೀಖು ಒಂದು ಅಂದಾಜು. ಕೊನೆಯ ಮುಟ್ಟಿನ ಮೊದಲ ದಿನದಿಂದ 40 ವಾರ ಎಣಿಸಿ ಅದನ್ನು ಹೇಳುತ್ತಾರೆ. ನೂರಕ್ಕೆ ಸುಮಾರು 5 ಮಕ್ಕಳು ಮಾತ್ರ ಸರಿಯಾಗಿ ಆ ದಿನವೇ ಹುಟ್ಟುತ್ತವೆ. 37 ವಾರ ತುಂಬಿದ ಮೇಲೆ ಯಾವತ್ತು ಬೇಕಾದರೂ ನೋವು ಶುರುವಾಗಬಹುದು, ಅದಕ್ಕೆ ಒಂದು ವಾರ ಮೊದಲೇ ಬ್ಯಾಗ್ ಸಿದ್ಧವಿರಲಿ. ತಪಾಸಣೆಯ ಫೈಲು, ಎದೆಹಾಲು ಕುಡಿಸಲು ಮುಂದೆ ಬಿಚ್ಚುವಂಥ ಸಡಿಲ ಬಟ್ಟೆ, ದೊಡ್ಡ ಪ್ಯಾಡುಗಳು, ಮಗುವಿಗೆ ಒಗೆದು ಒಣಗಿಸಿದ ಮೆತ್ತನೆಯ ಹತ್ತಿ ಬಟ್ಟೆ, ಟೋಪಿ, ಡೈಪರ್, ಫೋನ್ ಚಾರ್ಜರ್. ಇಷ್ಟು ಸಾಕು.

ಬ್ಯಾಗಿಗಿಂತ ಮುಖ್ಯವಾದದ್ದು ದಾರಿ. ರಾತ್ರಿ ಎರಡು ಗಂಟೆಗೆ ನೋವು ಬಂದರೆ ಯಾವ ಗಾಡಿ, ಯಾರು ಓಡಿಸುತ್ತಾರೆ, ಆಸ್ಪತ್ರೆಯ ಯಾವ ಬಾಗಿಲು ಆ ಹೊತ್ತಿನಲ್ಲಿ ತೆರೆದಿರುತ್ತದೆ? ಒಮ್ಮೆ ಹೋಗಿ ನೋಡಿಕೊಂಡು ಬನ್ನಿ. ಮನೆಯಲ್ಲಿ ಇನ್ನೊಂದು ಮಗುವಿದ್ದರೆ ಅದನ್ನು ಯಾರ ಕೈಗೆ ಕೊಡುತ್ತೀರಿ ಎಂಬುದೂ ಮೊದಲೇ ಗೊತ್ತಿರಲಿ.

ಈ ವಾರಗಳಲ್ಲಿ ಮಗುವಿನ ಒದೆತದ ಮೇಲೆ ಗಮನವಿರಲಿ. ದಿನ ತುಂಬಿದಂತೆ ಜಾಗ ಸಾಲದೆ ಮಗು ಆಡುವುದು ಕಡಿಮೆಯಾಗುತ್ತದೆ ಎಂದು ಎಷ್ಟೋ ಜನ ಹೇಳುತ್ತಾರೆ. ಅದು ತಪ್ಪು. ಒದೆತದ ರೀತಿ ಬದಲಾಗಬಹುದು, ಆದರೆ ಆಟ ನಿಲ್ಲುವುದಿಲ್ಲ. ನಿಮ್ಮ ಮಗುವಿನ ಎಂದಿನ ಚಲನೆ ಕಡಿಮೆಯಾಗಿದೆ ಅನ್ನಿಸಿದರೆ ಬೆಳಗಾಗಲಿ ಎಂದು ಕಾಯದೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಏಕಾಏಕಿ ಊದಿಕೊಳ್ಳುವುದು, ಪಕ್ಕೆಲುಬಿನ ಕೆಳಗೆ ನೋವು, ಇವು ರಕ್ತದೊತ್ತಡ ಏರಿರುವುದರ ಸೂಚನೆಯಾಗಿರಬಹುದು. ಇದಕ್ಕೂ ಕಾಯುವಂತಿಲ್ಲ.

ಯಾವಾಗ ಹೊರಡಬೇಕು?

ಸುಳ್ಳು ನೋವು ಹೊತ್ತು ಗೊತ್ತಿಲ್ಲದೆ ಬರುತ್ತದೆ. ಎದ್ದು ಓಡಾಡಿದರೆ, ಮಗ್ಗುಲು ಬದಲಿಸಿದರೆ, ನೀರು ಕುಡಿದು ಮಲಗಿದರೆ ಕಡಿಮೆಯಾಗುತ್ತದೆ. ನಿಜವಾದ ನೋವು ಏನು ಮಾಡಿದರೂ ನಿಲ್ಲುವುದಿಲ್ಲ. ಬರಬರುತ್ತಾ ಹತ್ತಿರ ಹತ್ತಿರವಾಗುತ್ತದೆ, ಜೋರಾಗುತ್ತದೆ. ಸಮಯ ನೋಡುವ ಕೆಲಸ ಜೊತೆಗಿರುವವರದ್ದು. ಒಂದು ನೋವು ಶುರುವಾದಲ್ಲಿಂದ ಮುಂದಿನದು ಶುರುವಾಗುವವರೆಗೆ ಎಷ್ಟು ನಿಮಿಷ ಎಂದು ಬರೆದುಕೊಳ್ಳಿ. ಮೊದಲ ಹೆರಿಗೆಯಾದರೆ, 5 ನಿಮಿಷಕ್ಕೊಮ್ಮೆ, ಪ್ರತಿ ಸಲ ಒಂದು ನಿಮಿಷ, ಹೀಗೆ ಒಂದು ಗಂಟೆ ಬಂದರೆ ಹೊರಡಬಹುದು. ಎರಡನೆಯದಾದರೆ ಅಥವಾ ಮನೆ ದೂರವಿದ್ದರೆ ಇನ್ನೂ ಬೇಗ.

ನೀರು ಒಡೆದರೆ ನೋವು ಇಲ್ಲದಿದ್ದರೂ ಹೊರಡಿ. ನೀರಿನ ಬಣ್ಣ ನೋಡಿ. ಹಸಿರು ಅಥವಾ ಕಂದು ಇದ್ದರೆ ಮಗು ಒಳಗೇ ಮಲ ವಿಸರ್ಜಿಸಿದೆ ಎಂದರ್ಥ, ಅದನ್ನು ಹೋದ ತಕ್ಷಣ ವೈದ್ಯರಿಗೆ ಹೇಳಬೇಕು. ಸ್ವಲ್ಪ ರಕ್ತ ಬೆರೆತ ಲೋಳೆ ಹೋಗುವುದು ಸಹಜ. ಮುಟ್ಟಿನಂತೆ ರಕ್ತ ಹೋಗುವುದು ಸಹಜವಲ್ಲ. 37 ವಾರಕ್ಕೆ ಮೊದಲು ಇವುಗಳಲ್ಲಿ ಯಾವುದು ಕಂಡರೂ ನೇರ ಆಸ್ಪತ್ರೆಗೇ.

ಹುಟ್ಟಿದ ಮೊದಲ ಗಂಟೆ

ಮಗು ಹೊರಬಂದ 1 ನಿಮಿಷಕ್ಕೆ, ಮತ್ತೆ 5 ನಿಮಿಷಕ್ಕೆ ಅದರ ಬಣ್ಣ, ಎದೆಬಡಿತ, ಉಸಿರು, ಕೈಕಾಲಿನ ಬಿಗಿ, ಮುಟ್ಟಿದರೆ ಪ್ರತಿಕ್ರಿಯಿಸುವ ರೀತಿ, ಈ ಐದನ್ನು ನೋಡಿ ಅಂಕ ಕೊಡುತ್ತಾರೆ. 1952ರಲ್ಲಿ ಅಮೆರಿಕದ ವೈದ್ಯೆ ವರ್ಜೀನಿಯಾ ಅಪ್ಗಾರ್ ರೂಪಿಸಿದ ಪದ್ಧತಿ ಇದು. 10ಕ್ಕೆ 7 ಬಂದರೂ ಚೆನ್ನಾಗಿದೆ ಎಂದೇ ಲೆಕ್ಕ. ಇದು ಆ ಕ್ಷಣಕ್ಕೆ ಸಹಾಯ ಬೇಕೇ ಎಂದು ತಿಳಿಯಲು ಇರುವ ಅಂಕ, ಮಗುವಿನ ಬುದ್ಧಿಯ ಅಳತೆಯಲ್ಲ.

ಮಗು ಗಟ್ಟಿಯಾಗಿ ಅತ್ತು ಚೆನ್ನಾಗಿದ್ದರೆ ಅದನ್ನು ಒರೆಸಿ, ಬಟ್ಟೆ ಹಾಕದೆ, ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿ ಮೇಲಿಂದ ಹೊದಿಸಬೇಕು. ಮಗುವಿನ ಮೈ ಬೆಚ್ಚಗಿರುತ್ತದೆ, ಉಸಿರು ಹದಕ್ಕೆ ಬರುತ್ತದೆ, ಅದು ತಾನಾಗಿ ಮೊಲೆ ಹುಡುಕಲು ಶುರು ಮಾಡುತ್ತದೆ. ಸಿಸೇರಿಯನ್ ಆದರೂ ಎಷ್ಟೋ ಕಡೆ ಇದನ್ನು ಮಾಡುತ್ತಾರೆ. ತಾಯಿಗೆ ಆಗದಿದ್ದರೆ ಅಪ್ಪನ ಎದೆಯೂ ಆಗುತ್ತದೆ. ಹೊಕ್ಕುಳಬಳ್ಳಿಯನ್ನು 1ರಿಂದ 3 ನಿಮಿಷ ಬಿಟ್ಟು ಕತ್ತರಿಸಬೇಕು, ಮೊದಲ ಸ್ನಾನಕ್ಕೆ 24 ಗಂಟೆ ಕಾಯಬೇಕು, ಒಂದು ಗಂಟೆಯೊಳಗೆ ಎದೆಹಾಲು ಶುರುವಾಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಮ್ಮ ಆಸ್ಪತ್ರೆಯಲ್ಲಿ ಈ ನಾಲ್ಕೂ ಆಗುತ್ತವೆಯೇ ಎಂದು ಮೊದಲೇ ಕೇಳಿ. ಹೆರಿಗೆ ಕೋಣೆಯಲ್ಲಿ ಕೇಳುವುದು ಕಷ್ಟ.

ಹಾಲು ಕುಡಿಸುವುದು

ಅತಿ ಹೆಚ್ಚು ಆತಂಕ ಇರುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲ ಎರಡು ಮೂರು ದಿನ ಬರುವುದು ಹಳದಿ ಬಣ್ಣದ ಗಟ್ಟಿ ಹಾಲು. ಚಮಚದ ಲೆಕ್ಕದಲ್ಲಿ ಬರುತ್ತದೆ. ಅದನ್ನು ನೋಡಿ ಹಾಲೇ ಇಲ್ಲ ಎಂದುಕೊಳ್ಳಬೇಡಿ. ಹುಟ್ಟಿದ ಮಗುವಿನ ಹೊಟ್ಟೆಗೆ ಅಷ್ಟೇ ಸಾಕು, ರೋಗದ ವಿರುದ್ಧ ಅದಕ್ಕೆ ಸಿಗುವ ಮೊದಲ ರಕ್ಷಣೆಯೂ ಅದೇ. ಸಾಮಾನ್ಯವಾಗಿ 2ರಿಂದ 5ನೇ ದಿನದೊಳಗೆ ಎದೆ ತುಂಬಿಕೊಳ್ಳುತ್ತದೆ. ಮಗು ಎಷ್ಟು ಚೀಪುತ್ತದೋ ಅಷ್ಟು ಹಾಲು ಉತ್ಪತ್ತಿಯಾಗುತ್ತದೆ. ಹಾಗಾಗಿ ಹಾಲು ಕಡಿಮೆ ಎಂದು ಸುಮ್ನೆ ಬಾಟಲಿ ಶುರು ಮಾಡಿದರೆ, ಚೀಪುವುದು ತಗ್ಗಿ ಹಾಲೂ ನಿಜವಾಗಿಯೇ ತಗ್ಗುತ್ತದೆ.

ಕುಡಿಸುವಾಗ ತಾಯಿ ಬಗ್ಗುವುದು ಬೇಡ. ಬೆನ್ನಿಗೆ ದಿಂಬು ಕೊಟ್ಟು ಒರಗಿ ಕೂತು, ಮಗುವನ್ನೇ ಎದೆಯ ಹತ್ತಿರ ತನ್ನಿ. ಮಗುವಿನ ಹೊಟ್ಟೆ ತಾಯಿಯ ಮೈಗೆ ತಾಗಿರಲಿ. ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ, ಕತ್ತು ತಿರುಚಿರಬಾರದು. ಮೊಲೆತೊಟ್ಟಿನಿಂದ ಮಗುವಿನ ಮೂಗು, ಮೇಲ್ದುಟಿಯನ್ನು ಮೆಲ್ಲನೆ ಸವರಿ. ಅದು ಆಕಳಿಸುವಷ್ಟು ಅಗಲಕ್ಕೆ ಬಾಯಿ ತೆರೆದ ಕ್ಷಣದಲ್ಲಿ ಹತ್ತಿರಕ್ಕೆ ಒತ್ತಿಕೊಳ್ಳಿ. ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗೆ ಹೋಗಬೇಕು. ಕೆಳದುಟಿ ಹೊರಕ್ಕೆ ಮಗುಚಿರಬೇಕು, ಗಲ್ಲ ಎದೆಗೆ ಒತ್ತಿರಬೇಕು. ಮೊದಲ ಕೆಲವು ಸೆಕೆಂಡು ಎಳೆದಂತಾಗಬಹುದು. ನೋವು ಹಾಗೇ ಮುಂದುವರಿದರೆ ಹಿಡಿತ ಸರಿಯಿಲ್ಲ. ಸುಮ್ಮನೆ ಎಳೆದು ಬಿಡಿಸಿದರೆ ತೊಟ್ಟು ಬಿರುಕು ಬಿಡುತ್ತದೆ. ತೊಳೆದ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಯಿಂದ ಒಳಗೆ ತೂರಿಸಿ, ಹಿಡಿತ ಬಿಡಿಸಿ, ಮತ್ತೆ ಹಚ್ಚಿ. ಆಸ್ಪತ್ರೆ ಬಿಡುವ ಮೊದಲು ನರ್ಸ್ ಎದುರಿಗೇ ಎರಡು ಮೂರು ಸಲ ಮಾಡಿ ತೋರಿಸಿ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ದಿನಕ್ಕೆ 8ರಿಂದ 12 ಸಲ ಕುಡಿಸಬೇಕಾಗುತ್ತದೆ, ರಾತ್ರಿಯೂ ಸೇರಿ. ಬಾಯಿ ಚಪ್ಪರಿಸುವುದು, ಕೈ ಬಾಯಿಗೆ ಒಯ್ಯುವುದು, ತಲೆ ಆ ಕಡೆ ಈ ಕಡೆ ತಿರುಗಿಸಿ ಹುಡುಕುವುದು, ಇವು ಹಸಿವಿನ ಗುರುತು. ಅಳು ಬರುವುದು ಆಮೇಲೆ. ಅಷ್ಟು ಹೊತ್ತಿಗೆ ಮಗುವಿಗೆ ಮೊಲೆ ಹಿಡಿಯುವ ತಾಳ್ಮೆಯೂ ಇರುವುದಿಲ್ಲ.

ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯಲು ಡೈಪರ್ ನೋಡಿ. ಮೊದಲ ದಿನ ಒಂದು ಸಲ ಒದ್ದೆಯಾದರೆ ಸಾಕು, ಎರಡನೇ ದಿನ ಎರಡು, ಹೀಗೆ ಏರುತ್ತಾ 5ನೇ ದಿನದ ನಂತರ ದಿನಕ್ಕೆ 6 ಅಥವಾ ಹೆಚ್ಚು ಸಲ ಒದ್ದೆಯಾಗಬೇಕು. ಮೊದಲ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಇರುತ್ತದೆ. ಆಮೇಲೆ ಹಸಿರು, 4-5ನೇ ದಿನಕ್ಕೆ ಹಳದಿ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡುವ ಕೆಲಸವನ್ನೂ ಜೊತೆಗಿರುವವರು ವಹಿಸಿಕೊಳ್ಳಿ. ಮೊದಲ ದಿನಗಳಲ್ಲಿ ಮಗುವಿನ ತೂಕ ಇಳಿಯುತ್ತದೆ. ಹುಟ್ಟಿದಾಗಿನ ತೂಕದ ನೂರಕ್ಕೆ 10ಕ್ಕಿಂತ ಹೆಚ್ಚು ಇಳಿದರೆ ವೈದ್ಯರು ನೋಡಬೇಕು. ಎರಡು ವಾರದೊಳಗೆ ಅದು ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರಬೇಕು.

ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ. ಜೇನುತುಪ್ಪವನ್ನಂತೂ ಒಂದು ವರ್ಷದವರೆಗೆ ನಾಲಿಗೆಗೆ ಸವರಲೂ ಬಾರದು. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಶಿಶುವಿನ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ, ಮೈಯೆಲ್ಲ ಶಕ್ತಿಗುಂದುತ್ತದೆ. ಎದೆಹಾಲು ಕುಡಿಸಲು ಸಾಧ್ಯವೇ ಆಗದ ತಾಯಂದಿರೂ ಇದ್ದಾರೆ. ಅವರು ವೈದ್ಯರು ಹೇಳಿದ ಪುಡಿಹಾಲನ್ನು ಡಬ್ಬಿಯ ಮೇಲಿನ ಅಳತೆಯಂತೆಯೇ ಕಲಸಿ ಕೊಡಲಿ. ಅದಕ್ಕಾಗಿ ಯಾರೂ ಅವರನ್ನು ನೋಯಿಸಬೇಡಿ.

ಮಲಗಿಸುವುದು, ಹೊಕ್ಕುಳು, ಸ್ನಾನ

ಮಗುವನ್ನು ಯಾವಾಗಲೂ ಅಂಗಾತ ಮಲಗಿಸಿ. ಗಟ್ಟಿಯಾದ ಸಮತಟ್ಟು ಹಾಸಿಗೆ ಇರಲಿ. ದಿಂಬು, ಗೊಂಬೆ, ದಪ್ಪ ಹೊದಿಕೆ ಬೇಡ. ಬ್ರಿಟನ್‌ನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಎಂಬ ಪ್ರಚಾರ ಶುರುವಾಯಿತು. ಆಮೇಲಿನ ವರ್ಷಗಳಲ್ಲಿ ನಿದ್ದೆಯಲ್ಲೇ ಏಕಾಏಕಿ ಸಾಯುವ ಶಿಶುಗಳ ಸಂಖ್ಯೆ ಅರ್ಧದಷ್ಟು ಇಳಿಯಿತು. ಸೋಫಾದ ಮೇಲೆ ಮಗುವನ್ನು ಎದೆಗೆ ಹಾಕಿಕೊಂಡು ನಿದ್ದೆ ಹೋಗುವುದು ತುಂಬ ಅಪಾಯ. ಕಣ್ಣು ಎಳೆಯುತ್ತಿದ್ದರೆ ಮಗುವನ್ನು ಇನ್ನೊಬ್ಬರ ಕೈಗೆ ಕೊಡಿ.

ಹೊಕ್ಕುಳಿಗೆ ವೈದ್ಯರು ಹೇಳದ ಏನನ್ನೂ ಹಚ್ಚಬೇಡಿ. ಡೈಪರನ್ನು ಅದರ ಕೆಳಗೆ ಮಡಚಿ, ಗಾಳಿಯಾಡಲಿ. ಒಂದರಿಂದ ಮೂರು ವಾರದಲ್ಲಿ ತಾನಾಗಿ ಒಣಗಿ ಬೀಳುತ್ತದೆ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಮಗುವನ್ನು ಮುಟ್ಟುವ ಮೊದಲು ಎಲ್ಲರೂ ಸೋಪು ಹಚ್ಚಿ ಕೈ ತೊಳೆಯಲಿ. ನೆಗಡಿ ಇರುವವರು, ತುಟಿಯ ಮೇಲೆ ಗುಳ್ಳೆ ಎದ್ದವರು ಮುತ್ತು ಕೊಡುವುದು ಬೇಡ.

ಹೆದರಬೇಕಾದದ್ದು, ಹೆದರಬಾರದ್ದು

ಸೀನು, ಬಿಕ್ಕಳಿಕೆ, ಚರ್ಮ ಸುಲಿಯುವುದು, ಮೂಗಿನ ಮೇಲೆ ಬಿಳಿ ಚುಕ್ಕೆ, ಹೆಣ್ಣುಮಗುವಾದರೆ ಒಂದೆರಡು ದಿನ ಡೈಪರಿನಲ್ಲಿ ತುಸು ರಕ್ತದ ಕಲೆ, ಗಂಡು ಹೆಣ್ಣು ಎನ್ನದೆ ಎದೆ ಸ್ವಲ್ಪ ಊದಿಕೊಳ್ಳುವುದು, ಇವೆಲ್ಲ ಸಹಜ. ಎದೆಯನ್ನು ಹಿಂಡಬೇಡಿ.

ಉಸಿರನ್ನು ಎಣಿಸಲು ಕಲಿಯಿರಿ. ಮಗು ಶಾಂತವಾಗಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎಳೆಗೂಸು ನಡುವೆ ಕೆಲವು ಸೆಕೆಂಡು ಉಸಿರು ನಿಲ್ಲಿಸಿ ಮತ್ತೆ ಬೇಗ ಬೇಗ ಆಡುತ್ತದೆ, ಹಾಗಾಗಿ ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಿದರೆ ಲೆಕ್ಕ ತಪ್ಪುತ್ತದೆ. 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ. ಮತ್ತೆಯೂ ಅಷ್ಟೇ ಇದ್ದರೆ, ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ನರಳುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ತುಟಿ ನೀಲಿಯಾದರೆ, ಎಬ್ಬಿಸಿದರೂ ಏಳದೆ ಹಾಲು ಬಿಟ್ಟರೆ, ಹಸಿರು ವಾಂತಿಯಾದರೆ, ಫಿಟ್ಸ್ ಬಂದರೆ, ಹೊಕ್ಕುಳ ಸುತ್ತ ಕೆಂಪಾಗಿ ಕೀವು ಬಂದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲೆ ಹೋದರೆ, ಬೆಚ್ಚಗೆ ಹೊದಿಸಿದರೂ ಮೈ ತಣ್ಣಗೇ ಇದ್ದರೆ, ಇವಕ್ಕೂ ಅಷ್ಟೇ. ಮನೆಯಲ್ಲಿರುವ ಜ್ವರದ ಔಷಧಿ ಹಾಕಿ ನೋಡೋಣ ಅನ್ನಬೇಡಿ. ಫೋಟೋ ಕಳಿಸಿ ಉತ್ತರಕ್ಕೆ ಕಾಯುವುದೂ ಬೇಡ.

ಎರಡು ಮೂರನೇ ದಿನ ಎಷ್ಟೋ ಮಕ್ಕಳಿಗೆ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಹಗಲು ಬೆಳಕಿನಲ್ಲಿ ಹಣೆಯನ್ನು ಬೆರಳಿನಿಂದ ಒತ್ತಿ ಬಿಡಿ, ಒತ್ತಿದ ಜಾಗ ಹಳದಿ ಕಂಡರೆ ವೈದ್ಯರಿಗೆ ತೋರಿಸಿ. ಹುಟ್ಟಿದ 24 ಗಂಟೆಯೊಳಗೆ ಹಳದಿಯಾದರೆ, ಅಂಗೈ ಅಂಗಾಲಿಗೂ ಹರಡಿದರೆ ಸ್ವಲ್ಪವೂ ತಡ ಮಾಡಬಾರದು. ಎಳೆಬಿಸಿಲು ಇದಕ್ಕೆ ಚಿಕಿತ್ಸೆಯಲ್ಲ.

ಅಳು ಸುಮಾರು 6ನೇ ವಾರದವರೆಗೆ ಜಾಸ್ತಿಯಾಗುತ್ತಾ ಹೋಗಿ, ಮೂರು ನಾಲ್ಕು ತಿಂಗಳಿಗೆ ತಗ್ಗುತ್ತದೆ. ಎಷ್ಟು ಸಮಾಧಾನ ಮಾಡಿದರೂ ನಿಲ್ಲದೆ ನಿಮಗೆ ಸಿಟ್ಟು ಬಂದರೆ, ಮಗುವನ್ನು ಅಂಗಾತ ಮಲಗಿಸಿ ಐದು ನಿಮಿಷ ಪಕ್ಕದ ಕೋಣೆಗೆ ಹೋಗಿ. ಎಂದಿಗೂ ಅಲುಗಾಡಿಸಬೇಡಿ, ಮಿದುಳಿಗೆ ಪೆಟ್ಟಾಗುತ್ತದೆ.

ತಾಯಿಯನ್ನು ಯಾರು ನೋಡುತ್ತಾರೆ?

ಮಗು ಬಂದ ಮೇಲೆ ಎಲ್ಲರ ಕಣ್ಣೂ ತೊಟ್ಟಿಲ ಕಡೆಗೆ. ಆದರೆ ಒಂದೇ ಗಂಟೆಯಲ್ಲಿ ದೊಡ್ಡ ಪ್ಯಾಡು ಪೂರ್ತಿ ನೆನೆದರೆ, ಮೊಟ್ಟೆ ಗಾತ್ರದ ಹೆಪ್ಪು ಬಿದ್ದರೆ, ಜ್ವರ ಬಂದರೆ, ಸ್ರಾವ ನಾತ ಹೊಡೆದರೆ, ಒಂದು ಕಾಲು ಮಾತ್ರ ಊದಿ ನೋಯುತ್ತಿದ್ದರೆ, ಎದೆನೋವು ಅಥವಾ ಏದುಸಿರು ಬಂದರೆ ತಾಯಿಯನ್ನು ತಕ್ಷಣ ಕರೆದೊಯ್ಯಿರಿ. ಮೊದಲು ಹೇಳಿದ ತಲೆನೋವು, ಕಣ್ಣು ಮಂಜು ಹೆರಿಗೆಯ ನಂತರದ ಆರು ವಾರದಲ್ಲೂ ಬರಬಹುದು.

ಮೂರು ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೂ ಅದೇ ಬೇಸರ, ಮಗು ಮಲಗಿದ್ದರೂ ನಿದ್ದೆ ಬಾರದಿರುವುದು, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದಿರುವುದು ಇದ್ದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಸಾಯಬೇಕು ಅಥವಾ ಮಗುವಿಗೆ ಏನಾದರೂ ಮಾಡಬೇಕು ಎಂಬ ಯೋಚನೆ ಬಂದರೆ ಆ ದಿನವೇ ವೈದ್ಯರ ಬಳಿ ಹೋಗಬೇಕು, ಅವಳನ್ನು ಒಬ್ಬಳನ್ನೇ ಬಿಡಬಾರದು. ಅವಳಿಗೆ ಬಾಯಿಬಿಟ್ಟು ಹೇಳಲು ಆಗದೇ ಇರಬಹುದು. ಜೊತೆಗಿರುವವರೇ ಫೋನ್ ಎತ್ತಿಕೊಳ್ಳಿ.