ಆಫ್ರಿಕಾದ ಜನ ಏನನ್ನುತ್ತಾರೆ? ಸಮೀಕ್ಷೆ ಓದುವುದು ಹೀಗೆ

ಆಫ್ರಿಕಾದ ಸುದ್ದಿ ಅಂದರೆ ದಂಗೆ, ಸಾಲ, ಬರ. ಅಲ್ಲಿನ ಜನರ ಮಾತು ಕೇಳಿಸುವುದೇ ಕಡಿಮೆ. ಅವರನ್ನೇ ಕೇಳಿ ಬರೆದುಕೊಂಡ ಉತ್ತರ ಬೇಕಿದ್ದರೆ ಆಫ್ರೋಬ್ಯಾರೋಮೀಟರ್ ಜಾಲತಾಣ ತೆರೆಯಿರಿ. ಇದು ಆಫ್ರಿಕಾದ ದೇಶಗಳಲ್ಲಿ ಜನರ ಅಭಿಪ್ರಾಯ ಕೇಳುವ ಸಂಸ್ಥೆ, ಕಚೇರಿ ಘಾನಾದ ಅಕ್ರಾದಲ್ಲಿದೆ. 1999ರಿಂದ ಸಮೀಕ್ಷೆ ಮಾಡುತ್ತಿದ್ದಾರೆ. ದೇಶ ಆರಿಸಿ, ಪ್ರಶ್ನೆ ಆರಿಸಿ ಉತ್ತರ ನೋಡಬಹುದು, ದುಡ್ಡು ಕೊಡಬೇಕಿಲ್ಲ.

ಅಂಕಿ ನೋಡುವ ಮೊದಲು ಪ್ರಶ್ನೆ ಓದಿ. ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. 39 ದೇಶಗಳ ಬಗ್ಗೆ ಇವರು ತಂದ 2024ರ ವರದಿಯನ್ನೇ ನೋಡಿ. ಬೇರೆ ಯಾವ ಆಡಳಿತಕ್ಕಿಂತಲೂ ಪ್ರಜಾಪ್ರಭುತ್ವವೇ ಮೇಲು ಎಂದವರು ಶೇ. 66. ತಮ್ಮ ದೇಶದಲ್ಲಿ ಅದು ನಡೆಯುತ್ತಿರುವ ರೀತಿ ತೃಪ್ತಿ ತಂದಿದೆ ಎಂದವರು ಬರೀ ಶೇ. 37. ಎರಡನೇ ಅಂಕಿ ಮಾತ್ರ ಹಿಡಿದು 'ಆಫ್ರಿಕಾಕ್ಕೆ ಪ್ರಜಾಪ್ರಭುತ್ವ ಬೇಡವಾಗಿದೆ' ಎಂದು ಬರೆದರೆ ಅದು ತಪ್ಪು, ಅಲ್ವಾ? ಜನ ಬೇಡ ಅನ್ನುತ್ತಿಲ್ಲ, ಸರಿಯಾಗಿ ನಡೆಸಿ ಅನ್ನುತ್ತಿದ್ದಾರೆ.

ಸೇನೆಯ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಅದೇ ವರದಿಯಲ್ಲಿ ಸೇನಾಡಳಿತ ಬೇಡ ಎಂದವರು ಶೇ. 66, ಆದರೆ ಗೆದ್ದ ನಾಯಕರು ಅಧಿಕಾರ ದುರುಪಯೋಗ ಮಾಡಿದರೆ ಸೇನೆಯು ಆಡಳಿತವನ್ನು ಕೈಗೆ ತೆಗೆದುಕೊಳ್ಳಬಹುದು ಎಂದವರು ಶೇ. 53. 'ಮಾಡಿದರೆ' ಅನ್ನುವ ಒಂದು ಮಾತು ಸೇರಿದ್ದಕ್ಕೆ ಉತ್ತರ ಇಷ್ಟು ಬದಲಾಯಿತು.

ಆರ್ಥಿಕತೆಗೂ ಹೀಗೆಯೇ. ದೇಶದ ಸ್ಥಿತಿ ಹೇಗಿದೆ ಅನ್ನುವುದು ಒಂದು ಪ್ರಶ್ನೆ, ನಿಮ್ಮ ಬದುಕು ಹೇಗಿದೆ ಅನ್ನುವುದು ಇನ್ನೊಂದು. ನನಗೆ ಇವೆರಡಕ್ಕಿಂತ ಜಾಸ್ತಿ ನಂಬಿಕೆ ಮೂರನೆಯದರ ಮೇಲೆ: ಕಳೆದ ವರ್ಷ ನಿಮ್ಮ ಮನೆಗೆ ಊಟ, ಶುದ್ಧ ನೀರು, ಔಷಧಿ, ಅಡುಗೆಯ ಉರುವಲು, ಕೈಗೆ ಬರುವ ಹಣ ಎಷ್ಟು ಸಲ ಇಲ್ಲದೆ ಹೋಯಿತು? ಇದಕ್ಕೆ ಸಿಗುವ ಉತ್ತರ ಅಭಿಪ್ರಾಯವಲ್ಲ, ಅನುಭವ. ಜಿಡಿಪಿ ಅಂಕಿಯಲ್ಲಿ ಇದು ಕಾಣುವುದೇ ಇಲ್ಲ.

ಆಮೇಲೆ ಉತ್ತರದ ಪಕ್ಕದಲ್ಲಿ ಆ ದೇಶದಲ್ಲಿ ನಡೆದದ್ದನ್ನು ಇಟ್ಟು ನೋಡಿ. ಘಾನಾದಲ್ಲಿ 2022ರ ಡಿಸೆಂಬರ್‌ನಲ್ಲಿ ಹಣದುಬ್ಬರ ಶೇ. 54 ದಾಟಿತ್ತು. ವಿದೇಶಿ ಸಾಲದ ಬಹುಪಾಲು ಕಂತು ಕಟ್ಟುವುದನ್ನೂ ಆಗಲೇ ನಿಲ್ಲಿಸಿದರು. ಎರಡು ವರ್ಷ ಕಳೆದು, 2024ರ ಡಿಸೆಂಬರ್‌ನಲ್ಲಿ, ಜನ ಆಳುವ ಪಕ್ಷವನ್ನು ಮತ ಹಾಕಿಯೇ ಇಳಿಸಿದರು. ಮಾಲಿಯಲ್ಲಿ 2020 ಮತ್ತು 2021ರಲ್ಲಿ ಸೇನೆ ದಂಗೆಯೆದ್ದು ಅಧಿಕಾರ ಹಿಡಿಯಿತು. 2024ರ ಅದೇ ವರದಿಯ ಪ್ರಕಾರ ಹತ್ತು ವರ್ಷದಲ್ಲಿ ಅಲ್ಲಿ ಪ್ರಜಾಪ್ರಭುತ್ವದ ಬೆಂಬಲ ಶೇಕಡಾ ಲೆಕ್ಕದಲ್ಲಿ 23 ಅಂಶ ಕುಸಿದಿತ್ತು. ಆದರೆ ದಂಗೆಯೇ ಆಗದ ದಕ್ಷಿಣ ಆಫ್ರಿಕಾದಲ್ಲಿ ಅದಕ್ಕಿಂತ ಜಾಸ್ತಿ, 29 ಅಂಶ. ಹಾಗಾಗಿ ಒಂದು ದೇಶ ನೋಡಿ ಇನ್ನೊಂದರ ಕಥೆ ಹೇಳಬೇಡಿ.

ಮೇಲಿನ ಶೇ. 66, 37, 53 ಎಲ್ಲ 39 ದೇಶಗಳ ಸರಾಸರಿ, ಆ ಸರಾಸರಿಯ ಲೆಕ್ಕವೂ ತಿಳಿದಿರಲಿ. ಅದರಲ್ಲಿ ಪ್ರತಿ ದೇಶಕ್ಕೂ ಒಂದೇ ತೂಕ. 20 ಕೋಟಿ ಮೀರಿದ ನೈಜೀರಿಯಾವೂ ಒಂದೇ, ಪುಟ್ಟ ಕೇಪ್ ವರ್ಡೆಯೂ ಒಂದೇ. ಒಂದು ದೇಶದಲ್ಲಿ ಮಾತಾಡಿಸುವುದು 1,200 ಅಥವಾ 2,400 ಜನರನ್ನು. 1,200 ಜನರ ಗುಂಪಿನಲ್ಲಿ ಅಂಕಿ ಶೇ. 3ರಷ್ಟು ಆಚೀಚೆ ಆಗಬಹುದು. 49 ಹೋಗಿ 51 ಆಯಿತು ಎಂದು ಸುಮ್ನೆ ಶೀರ್ಷಿಕೆ ಮಾಡಬೇಡಿ.

ಕೊನೆಗೆ ಒಂದು ಪ್ರಶ್ನೆ ಹುಡುಕಿ. ಸಮೀಕ್ಷೆಯವರು ಮನೆಗೆ ಬಂದು, ಎದುರು ಕೂತು, ಉತ್ತರಿಸುವವರು ಆರಿಸಿದ ಭಾಷೆಯಲ್ಲೇ ಎಲ್ಲ ಕೇಳಿ ಮುಗಿಸಿದ ಮೇಲೆ ಇದನ್ನೂ ಕೇಳುತ್ತಾರೆ: ನಮ್ಮನ್ನು ಯಾರು ಕಳಿಸಿದರು ಅಂದುಕೊಂಡಿದ್ದೀರಿ? 'ಸರ್ಕಾರ' ಎಂದವರ ಉತ್ತರ ಒಂದು ಕಡೆ, ಉಳಿದವರದು ಇನ್ನೊಂದು ಕಡೆ ಇಟ್ಟು ಹೋಲಿಸಿ. ಅಧ್ಯಕ್ಷರನ್ನು ಹೊಗಳಿದವರಲ್ಲಿ ಎಷ್ಟು ಜನ ಹೆದರಿ ಹೊಗಳಿರಬಹುದು ಅನ್ನುವ ಸುಳಿವು ಅಲ್ಲಿ ಸಿಗಬಹುದು.