ಬೆಣ್ಣೆ ದೋಸೆ ಒಲೆಯ ಬೂದಿ, ಕೋನ್ 6ರ ಗ್ಲೇಜ್: ನನ್ನ ಅನುಭವ

ಕಳೆದ ತಿಂಗಳ ಭಟ್ಟಿಯಲ್ಲಿ 62 ಲೋಟ ಇಟ್ಟೆ. 57 ಮಾರುವಂಥವು ಬಂದವು. ಎಲ್ಲಕ್ಕೂ ಬೂದಿ ಗ್ಲೇಜ್ (ಮಣ್ಣಿನ ಪಾತ್ರೆಯ ಮೇಲೆ ಕರಗಿ ಗಾಜಿನ ಪದರವಾಗುವ ಲೇಪ), ಕರೆಂಟ್ ಭಟ್ಟಿ, ಕೋನ್ 6. ಕೋನ್ ಅಂದರೆ ಭಟ್ಟಿಯ ಕಾವಿನ ಅಳತೆ. ನನ್ನ ಮೀಟರ್‌ನಲ್ಲಿ ಕೋನ್ 6 ಅಂದರೆ 1,220 ಡಿಗ್ರಿ ಆಸುಪಾಸು, ಕೋನ್ 10 ಅದಕ್ಕಿಂತ ಹೆಚ್ಚು. ಇದು ಆಗುವ ಕೆಲಸವಲ್ಲ ಅಂತ ಮೂರು ವರ್ಷ ಕೇಳಿದ್ದೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಆಗಲ್ಲ ಅಂದವರೆಲ್ಲ ಕೆಲಸ ಗೊತ್ತಿದ್ದವರೇ. ಸಾಮಾನು ತರಿಸುವ ಅಂಗಡಿಯವರು "ಬೂದಿ ಅಂದ್ರೆ ಕೋನ್ 10 ಸರ್, ಸುಮ್ನೆ ಭಟ್ಟಿ ಶೆಲ್ಫ್ ಹಾಳು ಮಾಡ್ಕೋಬೇಡಿ" ಅಂದರು. ಮನೆಯಲ್ಲಿ ಚಿಕ್ಕಪ್ಪ ನಲವತ್ತು ವರ್ಷ ಆವಿಗೆಯಲ್ಲಿ ಮಡಕೆ ಸುಟ್ಟವರು. "ಬೂದೀಲಿ ಪಾತ್ರೆ ತಿಕ್ಕೋದು ಕಣಪ್ಪ, ಪಾತ್ರೆಗೆ ಬೂದಿ ಬಳಿಯೋದಲ್ಲ" ಅಂದರು.

ದಾವಣಗೆರೆಯಲ್ಲಿ ಬೂದಿಗೆ ಬರವಿಲ್ಲ. ಬೆಣ್ಣೆ ದೋಸೆ ಇನ್ನೂ ಸೌದೆ ಒಲೆಯ ಮೇಲೇ ಆಗುವ ಹೋಟೆಲ್‌ಗಳಿವೆ. ನಾನು ದಿನಾ ತಿಂಡಿಗೆ ಹೋಗುವ ಕಡೆ ಒಂದು ದಿನ ಕೇಳಿಯೇಬಿಟ್ಟೆ. "ಬೂದಿ ತಗೊಂಡು ಏನ್ಮಾಡ್ತೀರಪಾ?" ಅಂದರು ಯಜಮಾನರು. "ಲೋಟಕ್ಕೆ ಬಣ್ಣ ಮಾಡ್ತೀನಿ ಅಣ್ಣಾ" ಅಂದೆ. ನಂಬಲಿಲ್ಲ, ಆದರೂ ಒಂದು ಎಣ್ಣೆ ಡಬ್ಬ ತುಂಬಿ ಕೊಟ್ಟರು. ಈಗ ವಾರಕ್ಕೊಂದು ಡಬ್ಬ ನನಗೇ ಅಂತ ಎತ್ತಿಡುತ್ತಾರೆ.

ಮೊದಲ ತಪ್ಪು ಎಲ್ಲರೂ ಮಾಡುವಂಥದ್ದು. ಬೂದಿ, ಫೆಲ್ಡ್‌ಸ್ಪಾರ್ (ಕಲ್ಲಿನ ಪುಡಿ), ಚೈನಾ ಕ್ಲೇ (ಬಿಳಿ ಮಣ್ಣು) ಹಾಕುವ ಕೋನ್ 10ರ ಹಳೇ ಲೆಕ್ಕವನ್ನೇ ಕೋನ್ 6ಕ್ಕೆ ಇಟ್ಟೆ. ಸುಣ್ಣ ಬಳಿದ ಗೋಡೆಯ ಹಾಗೆ ಒಣಕಲಾಗಿ ಬಂತು. ಆಮೇಲೆ ಬೋರಾನ್ ಫ್ರಿಟ್ (ಬೇಗ ಕರಗುವ ಗಾಜಿನ ಪುಡಿ) ಸುರಿದೆ, ನೂರಕ್ಕೆ 35ರ ತನಕ. ಅದು ಬರೀ ಕರಗಲಿಲ್ಲ, ನೀರಿನ ಹಾಗೆ ಹರಿಯಿತು. ಹನ್ನೊಂದು ಬಟ್ಟಲು ಶೆಲ್ಫಿಗೆ ಅಂಟಿ ಕೂತವು. ಉಳಿಯಿಂದ ಕೆತ್ತಿದರೆ ಶೆಲ್ಫೇ ಚಕ್ಕೆ ಎದ್ದು ಬಂತು. ಒಂದು ಶೆಲ್ಫಿಗೆ 2,400 ರೂಪಾಯಿ, ಎರಡು ಹೋದವು. ಅವತ್ತು ರಾತ್ರಿ ಊಟ ಸೇರಲಿಲ್ಲ.

ದಾರಿ ಸಿಕ್ಕಿದ್ದು ಕೆರೆ ಮಣ್ಣಿನಿಂದ. ಭರಮಸಾಗರದ ಕಡೆಯಿಂದ ಮಡಕೆಗೆ ತಂದ ಕೆಂಪು ಮಣ್ಣು ಅಂಗಳದಲ್ಲಿ ಬಿದ್ದಿತ್ತು. ಅದರದೇ ಒಂದು ಸಣ್ಣ ಕುಡಿಕೆ ಮಾಡಿ ಕೋನ್ 6ಕ್ಕೆ ಇಟ್ಟೆ, ಕೆಳಗೆ ದಪ್ಪ ತಟ್ಟೆ ಕೊಟ್ಟು. ಕುಡಿಕೆ ಕುಸಿದು ಕಂದು ಬಣ್ಣದ ಗಾಜಿನ ಹಾಗೆ ಮಿರುಗುತ್ತಿತ್ತು. ತಾನೇ ಕರಗುವ ಮಣ್ಣು ಮನೆಯಲ್ಲೇ ಇರುವಾಗ ಚೈನಾ ಕ್ಲೇ ಯಾಕೆ? ಅದರಲ್ಲಿ ಕಬ್ಬಿಣವೂ ಇದೆ, ಐರನ್ ಆಕ್ಸೈಡ್ ಖರ್ಚೂ ಉಳಿಯಿತು.

ಈಗಿನ ಲೆಕ್ಕ ಹೀಗಿದೆ: ತೊಳೆದ ಬೂದಿ 45, ಕೆರೆ ಮಣ್ಣು 27, ಫ್ರಿಟ್ 22. ಉಳಿದ ಆರು ಭಾಗ ಏನು ಅನ್ನುವುದು ನನ್ನ ಹತ್ತಿರವೇ ಇರಲಿ. ಕಷ್ಟಪಟ್ಟು ಕಂಡುಕೊಂಡದ್ದು. ಅದು ಇಲ್ಲದೆಯೂ ಕರಗುತ್ತದೆ, ಸ್ವಲ್ಪ ಮಂಕಾಗಿ ಬರುತ್ತದೆ ಅಷ್ಟೇ. ನಿಮ್ಮ ಮಣ್ಣು ಬೇರೆ, ನಿಮ್ಮ ಸೌದೆ ಬೇರೆ. ಎರಡು ಭಾಗ ಆಚೆ ಈಚೆ ಮಾಡಿಕೊಂಡು ಪರೀಕ್ಷೆಗೆ ಸಣ್ಣ ಟೈಲ್ ಸುಡಲೇಬೇಕು. ನಾನು ಸುಟ್ಟದ್ದು 140 ಟೈಲ್ ಇರಬಹುದು, ಜಾಸ್ತಿಯೂ ಇರಬಹುದು.

ತೊಳೆಯುವ ವಿಷಯದಲ್ಲಿ ಜಗಳವೇ ಇದೆ ಅಲ್ವಾ? ತೊಳೆಯದೆ ಬಳಸಿ ನೋಡಿದ್ದೇನೆ. ಬೆಳಿಗ್ಗೆ ಬಕೆಟ್ ತೆರೆದರೆ ಗ್ಲೇಜ್ ರಾಗಿ ಮುದ್ದೆ ಆಗಿರುತ್ತಿತ್ತು. ಒಣಗುವಾಗ ಬೂದಿಯ ಕ್ಷಾರವೆಲ್ಲ ಬಾಯಂಚಿಗೆ ಬಂದು ಸೇರಿ, ಸುಟ್ಟಾಗ ಅಲ್ಲೇ ಗುಳ್ಳೆ. ಸರಿ ಅಂತ ನಾಲ್ಕು ನೀರು ತೊಳೆದೆ. ಕರಗಿಸುವ ಪೊಟ್ಯಾಶ್ ನೀರಿನ ಜೊತೆ ಹೋಗಿ ಗ್ಲೇಜ್ ಭಟ್ಟಿಯಲ್ಲಿ ಸರಿಯಾಗಿ ಕರಗಲಿಲ್ಲ. ಈಗ ಎರಡೇ ನೀರು. ಮೊದಲು ಆಯಸ್ಕಾಂತ ಆಡಿಸಿ ಮೊಳೆ ತೆಗೆಯುತ್ತೇನೆ, ಇದ್ದಿಲು ತೇಲಿಸಿ ಚೆಲ್ಲುತ್ತೇನೆ, 80 ಮೆಶ್ ಜರಡಿ ಹಿಡಿಯುತ್ತೇನೆ. ಹತ್ತು ಕಿಲೋ ತಂದರೆ ಐದೂವರೆ ಉಳಿಯುತ್ತದೆ. ಕೈಗೆ ರಬ್ಬರ್ ಗ್ಲೌಸ್ ಬೇಕೇ ಬೇಕು. ಮೊದಲ ಸಲ ಬರಿಗೈಯಲ್ಲಿ ಕಲಸಿ ಬೆರಳ ಸಂದಿಯ ಚರ್ಮ ಸುಲಿದು ಹೋಯಿತು, ಒಂದು ವಾರ ತಿಗರಿ ಮುಟ್ಟಲಿಲ್ಲ.

ಹಚ್ಚುವಾಗ ಮೇಲಿನ ಮೂರನೇ ಒಂದು ಭಾಗಕ್ಕೆ ಎರಡು ಸಲ ಅದ್ದು, ಕೆಳಗೆ ಒಂದೇ. ಬುಡದಿಂದ ಒಂದೂವರೆ ಬೆರಳು ಬರಿದೇ ಬಿಡಬೇಕು. ಒದ್ದೆ ಇರುವಾಗಲೇ ಒಣ ಬೂದಿಯನ್ನು ಟೀ ಸೋಸುವ ಜಾಲರಿಯಲ್ಲಿ ಲೋಟದ ಹೆಗಲ ಮೇಲೆ ಉದುರಿಸುತ್ತೇನೆ. ಗ್ಲೇಜ್ ಇಳಿದ ಗೆರೆಗಳು ಬರುವುದು ಅಲ್ಲಿಂದ. ಈಗ ಒಂದು ಲೋಟ ಎದುರಿಗೇ ಇದೆ. ಬಾಯಂಚಿನಲ್ಲಿ ಜೇನಿನ ಬಣ್ಣ. ಕೆಳಗಿಳಿದಂತೆ ಕಾದ ದೋಸೆಯ ಮೇಲೆ ಬೆಣ್ಣೆ ಹರಿದ ಹಾಗೆ ಸಣ್ಣ ಸಣ್ಣ ಕಾಲುವೆ. ಒಂದು ಕಾಲುವೆ ಮಾತ್ರ ಹಿಡಿಕೆಯ ಸುತ್ತ ಬಳಸಿ ಬಂದು, ಬುಡಕ್ಕೆ ಅಕ್ಕಿ ಕಾಳಿನಷ್ಟು ಜಾಗ ಇರುವಾಗ ಹಸಿರು ಹನಿಯಾಗಿ ನಿಂತಿದೆ. ಅದನ್ನು ಎಷ್ಟು ಸಲ ನೋಡಿದರೂ ಸಾಕೆನಿಸುವುದಿಲ್ಲ.

ಸುಡುವುದು ಸುಮಾರು ಒಂಬತ್ತು ಗಂಟೆ, ತುದಿಯಲ್ಲಿ 15 ನಿಮಿಷ ಹಿಡಿದು ಇಳಿಸುತ್ತೇನೆ. ಇಳಿಯುವ ದಾರಿಯಲ್ಲಿ ಒಂದು ಕಡೆ ನಿಲ್ಲಿಸುತ್ತೇನೆ. ಎಲ್ಲಿ, ಎಷ್ಟು ಹೊತ್ತು ಅಂತ ಹೇಳುವುದಿಲ್ಲ, ಹುಡುಕಿದರೆ ನಿಮಗೂ ಸಿಗುತ್ತದೆ. ಒಮ್ಮೆ 1,190ರಲ್ಲಿ ಕರೆಂಟ್ ಹೋಗಿ ಎರಡು ಗಂಟೆ ಬರಲಿಲ್ಲ. ಭಟ್ಟಿ ಬಿಚ್ಚದೆ ಮತ್ತೆ ಮೊದಲಿಂದ ಸುಟ್ಟೆ. ಆ ಸಲ ಗ್ಲೇಜ್‌ನಲ್ಲಿ ಬಂದಷ್ಟು ಚೆಂದದ ಹರಳು ಆಮೇಲೆ ಬಂದಿಲ್ಲ.

ನಡುವೆ ಬೇರೆ ಬೂದಿಗಳ ಹುಚ್ಚೂ ಹಿಡಿಯಿತು. ಮಂಡಕ್ಕಿ ಭಟ್ಟಿಯಿಂದ ಭತ್ತದ ಹೊಟ್ಟಿನ ಬೂದಿ ತಂದೆ. ಅದು ಹೆಚ್ಚುಕಮ್ಮಿ ಪೂರ್ತಿ ಸಿಲಿಕಾ, ಕರಗಿಸುವ ಗುಣ ಇಲ್ಲ. ಕಪ್ಪಗಿದ್ದದ್ದನ್ನೇ ತೂಗಿ ಹಾಕಿದೆ. ಇದ್ದಿಲು ಉರಿದು ಮೈತುಂಬ ಸೂಜಿ ತೂತು. ಬಿಸ್ಕ್ (ಗ್ಲೇಜ್ ಹಚ್ಚುವ ಮೊದಲು ಪಾತ್ರೆ ಸುಡುವುದು) ಜೊತೆ ಇಟ್ಟು ಬೆಳ್ಳಗೆ ಮಾಡಿ, ಸೌದೆ ಬೂದಿ ಮತ್ತು ಫೆಲ್ಡ್‌ಸ್ಪಾರ್ ಸಮ ಸಮ ಸೇರಿಸಿ, ಮೇಲೆ ಫ್ರಿಟ್ ಕೊಟ್ಟಾಗ ಹಾಲಿನ ಕೆನೆಯಂಥ ಬಿಳಿ ಬಂತು. ಜಪಾನಿನ ನೂಕಾ ಗ್ಲೇಜ್ ಕೂಡ ಇದೇ ಜಾತಿಯದು. ಹೊಟ್ಟಿನ ಬೂದಿ ಜರಡಿ ಹಿಡಿಯುವಾಗ ಮಾಸ್ಕ್ ಮರೆಯಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಚನ್ನಗಿರಿಯಿಂದ ಅಡಿಕೆ ಸಿಪ್ಪೆ ತರಿಸಿ ಸುಟ್ಟ ಬೂದಿಯಲ್ಲಿ ಪೊಟ್ಯಾಶ್ ಜಾಸ್ತಿ. ಒಳ್ಳೇ ಹೊಳಪು ಬಂತು, ಆದರೆ ಎರಡೇ ದಿನಕ್ಕೆ ಗ್ಲೇಜ್ ತುಂಬ ಸಣ್ಣ ಬಿರುಕು. ಹೂದಾನಿಗೆ ಆದೀತು, ಲೋಟಕ್ಕೆ ಬೇಡ. ಚಳ್ಳಕೆರೆಯಿಂದ ಶೇಂಗಾ ಸಿಪ್ಪೆ ಎರಡು ಚೀಲ ಬಂದಿದೆ, ಇನ್ನೂ ಸುಟ್ಟಿಲ್ಲ.

ದುಡ್ಡಿನ ಮಾತು. ಮೂರು ವರ್ಷದಲ್ಲಿ ಶೆಲ್ಫ್, ಕಾಯಿಲ್, ಕರೆಂಟ್, ಹಾಳಾದ ಮಾಲು ಎಲ್ಲ ಸೇರಿ 85 ಸಾವಿರ ಹೋಗಿರಬೇಕು. ಮನೆಯವಳ ಚೀಟಿ ದುಡ್ಡೂ ಅದರಲ್ಲಿದೆ, ಈ ದೀಪಾವಳಿಗೆ ತೀರಿಸಿದೆ. ಈಗ ಗ್ಲೇಜ್ ಕಿಲೋಗೆ 70–80 ರೂಪಾಯಿಗೆ ಬೀಳುತ್ತದೆ. ರೆಡಿ ಪುಡಿ ತರಿಸುವಾಗ 500ರ ಮೇಲೆ ಕೊಡುತ್ತಿದ್ದೆ. ಒಂದು ಭಟ್ಟಿಗೆ ಕರೆಂಟ್ 750 ರೂಪಾಯಿ. ಲೋಟ 450ಕ್ಕೆ ಹೋಗುತ್ತದೆ, ಚೌಕಾಸಿ ಮಾಡುವವರು ಕಡಿಮೆ.

ಊಟ, ಕಾಫಿಗೆ ಬಳಸುವುದಾದರೆ ನಿಂಬೆ ಪರೀಕ್ಷೆ ಮಾಡಿ. ಅರ್ಧ ಹೋಳು ಟೈಲ್ ಮೇಲೆ ರಾತ್ರಿಯಿಡೀ ಮಗುಚಿ ಇಡಿ. ಬೆಳಿಗ್ಗೆ ಬಣ್ಣ ಬಿಟ್ಟಿದ್ದರೆ ಆ ಗ್ಲೇಜ್ ಹೊರಮೈಗೆ ಮಾತ್ರ. ನನ್ನ ತಾಮ್ರ ಹಾಕಿದ ಹಸಿರು ಗ್ಲೇಜ್ ಇದರಲ್ಲಿ ಸೋತಿತು, ಲೋಟದ ಒಳಗೆ ಅದನ್ನು ಹಚ್ಚುವುದು ಬಿಟ್ಟೆ.

ಇನ್ನೊಂದು. ಡಬ್ಬ ಬಂದ ಹಾಗೆ ಬೂದಿ ಬಳಸಬೇಡಿ. ಎರಡು ತಿಂಗಳಿನದ್ದನ್ನು ಒಂದೇ ಡ್ರಮ್‌ನಲ್ಲಿ ಕಲಸಿ, ಆ ಡ್ರಮ್ಮಿಗೊಂದು ಟೈಲ್ ಸುಟ್ಟು, ಅದನ್ನು ಡ್ರಮ್ಮಿಗೇ ಕಟ್ಟಿಡಿ. ಹೋಟೆಲ್‌ನವರು ಈ ತಿಂಗಳು ಹುಣಸೆ ಸೌದೆ ಬಿಟ್ಟು ಜಾಲಿ ತರಿಸಿದ್ದಾರೆ. ನಿನ್ನೆಯ ಟೈಲ್ ಸ್ವಲ್ಪ ಜಾಸ್ತಿ ಹರಿದಿದೆ. ಫ್ರಿಟ್ 22ರಿಂದ 20ಕ್ಕೆ ಇಳಿಸಿ ನಾಳೆ ಮತ್ತೆ ಆರು ಟೈಲ್ ಇಡುತ್ತೇನೆ.